ಪಕ್ಕದ ಸೀಟಿನ ತೂಕ

"ಬಿಚ್ಚೋದೆಲ್ಲ ಬಿಚ್ಚಿ ಆಯ್ತಲ್ಲಪ್ಪ, ಇನ್ನೇನು ಉಳಿದಿದೆ ಅದರಲ್ಲಿ? ನಿಮ್ಮಪ್ಪನ್ನೊಬ್ಬರನ್ನ ಇಳಿಸಿಬಿಟ್ರೆ ಗಾಳಿ ಕುಡ್ಕೊಂಡೇ ಓಡುತ್ತೆ," ಎಂದರು ಪಕ್ಕದ ಮನೆಯ ಫ್ಲಾಸ್ಕ್ ಮಾಮ.

ಅವನು ಆಗ ಪಿಕಪ್ಪಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದ. ಗಾಡಿಯ ಅಡಿಗೆ ನುಗ್ಗುವ ಗಾಳಿ ಅಲ್ಲಿನ ಪೈಪು, ಕಂಬಿ, ಮೂಲೆಗಳಿಗೆಲ್ಲ ಬಡಿದು ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಅಲ್ಲಿಗೊಂದು ನುಣುಪಾದ ಹೊದಿಕೆ ಕೊಟ್ಟರೆ ಡೀಸೆಲ್ ಉಳಿಯುತ್ತದೆ ಎಂದು ಎಲ್ಲೋ ಓದಿಕೊಂಡು, ಒಡೆದ ನೀರಿನ ಟ್ಯಾಂಕನ್ನು ಸೀಳಿ ತೆಗೆದ ಪ್ಲಾಸ್ಟಿಕ್ ಹಾಳೆಯನ್ನು ಸ್ಕ್ರೂ ಹಾಕಿ ಬಿಗಿಯುತ್ತಿದ್ದ. ಅಲ್ಲಿಂದ ಕಾಣುತ್ತಿದ್ದದ್ದು ಮಾಮನ ಚಪ್ಪಲಿ, ಚಪ್ಪಲಿಯೊಳಗಿನ ಸಾಕ್ಸು, ಆಗಾಗ ನೆಲಕ್ಕೆ ತೊಟ್ಟಿಕ್ಕುವ ಚಹಾ. ಬೀದಿಯಲ್ಲಿ ಯಾರ ಅಂಗಳದಲ್ಲಿ ಏನು ರಿಪೇರಿ ನಡೆಯುತ್ತಿದ್ದರೂ ತಮ್ಮ ಪಾಲಿನ ಚಹಾವನ್ನು ತಾವೇ ಫ್ಲಾಸ್ಕಿನಲ್ಲಿ ತಂದುಕೊಂಡು ನಿಂತು ನೋಡುವುದು ನಿವೃತ್ತಿಯಾದ ಮೇಲೆ ಮಾಮ ಹಿಡಿದ ಉದ್ಯೋಗ. ಆ ಹೆಸರಿಟ್ಟವಳು ಅವನ ಹೆಂಡತಿ. ಮಾಮ ಹೇಳಿದ್ದು ತಮಾಷೆ. ತಮಾಷೆಗೆ ನಕ್ಕಿದ್ದರೆ ಸಾಕಿತ್ತು, ಸುಮ್ಮನೆ ಕೆಮ್ಮಿದ್ದರೂ ನಡೆಯುತ್ತಿತ್ತು. ಆದರೆ ಅಳತೆಗೆ ಸಿಕ್ಕಿದ ಯಾವುದನ್ನೂ ಹೇಳದೆ ಬಿಟ್ಟು ಅವನಿಗೆ ಅಭ್ಯಾಸವಿಲ್ಲ. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂವನ್ನು ಅಂಗೈಗೆ ತೆಗೆದು, "ಅದೂ ನೋಡಿದೀನಿ ಮಾಮ," ಎಂದ, ಏನೋ ಒಳ್ಳೆಯ ಸುದ್ದಿ ಹೇಳುವವನ ಹಾಗೆ. "ಅಪ್ಪ ಅಕ್ಕನ ಮನೇಲಿದ್ದ ವಾರ ಲೀಟರಿಗೆ ಒಂದೂವರೆ ಕಿಲೋಮೀಟರು ಜಾಸ್ತಿ ಬಂತು."

"ಅಷ್ಟೊಂದಾ," ಎಂದರು ಮಾಮ.

ಆಮೇಲೆ ತಲೆಯ ಮೇಲೆ ಬಾಗಿಲು ತೆರೆದ ಸದ್ದಾಯಿತು. ಪಕ್ಕದ ಸೀಟಿನ ಬಾಗಿಲು. ಅಪ್ಪ ಸಂಜೆ ಹೊತ್ತು ನಿಂತ ಗಾಡಿಯಲ್ಲೇ ಹೋಗಿ ಕೂರುತ್ತಾರೆ, ಬೇರೆಯವರು ಜಗಲಿಯ ಮೇಲೆ ಕೂತ ಹಾಗೆ, ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಒಂದು ಪಾದ ನೆಲಕ್ಕೆ ಇಳಿಯಿತು, ಗಟ್ಟಿಯಾದದ್ದು. ಆಮೇಲೆ ಇನ್ನೊಂದು, ಒಳಕ್ಕೆ ತಿರುಚಿದ್ದು, ಮಂಡಿಯ ಹತ್ತಿರ ಎರಡು ಕೈಯಲ್ಲಿ ಹಿಡಿದು ಇಳಿಸಿದ್ದು. ಪಾದಗಳೆರಡೂ ಸ್ವಲ್ಪ ಹೊತ್ತು ಒಂದರ ಪಕ್ಕ ಒಂದು ನಿಂತವು. ಆಗ ಅವನ ಎದೆಯ ಮೇಲಿದ್ದ ಗಾಡಿ ಸ್ಪ್ರಿಂಗುಗಳ ಮೇಲೆ ಒಂದು ಬೆರಳಿನಷ್ಟು ಮೇಲಕ್ಕೆದ್ದಿತು. ಅಪ್ಪ ಇಳಿದದ್ದಕ್ಕೆ ಎದ್ದದ್ದು ಅಷ್ಟು. ಅವನು ಅದನ್ನು ಕಣ್ಣಾರೆ ನೋಡಿದ. ನೋಡಬಾರದ್ದನ್ನು ನೋಡಿದವನ ಹಾಗೆ ಕಣ್ಣು ಮುಚ್ಚಿಕೊಂಡು, ಆಗಲೇ ಬಿಗಿಯಾಗಿದ್ದ ಸ್ಕ್ರೂವನ್ನು ಮತ್ತೆ ತಿರುಗಿಸುತ್ತ ಉಳಿದ. ಈಗ ಹೊರಗೆ ಬರಬೇಕು, ಬಂದು ಏನಾದರೂ ಹೇಳಬೇಕು ಎಂದುಕೊಳ್ಳುತ್ತಲೇ ಇನ್ನೊಂದು ಸ್ಕ್ರೂ ಹುಡುಕಿದ. "ಏನ್ ಯಜಮಾನ್ರೇ, ವಾಕಿಂಗ್ ಹೊರಟ್ರಾ," ಎಂದು ಮಾಮ ಕೇಳಿದ್ದು, ಅಪ್ಪ "ಹ್ಞೂಂ" ಎಂದದ್ದು ಕೇಳಿಸಿತು. ಪಾದಗಳು ಮನೆಯ ಕಡೆ ಹೋದವು, ಒಂದು ಹೆಜ್ಜೆ, ಒಂದು ಎಳೆತ, ಒಂದು ಹೆಜ್ಜೆ, ಒಂದು ಎಳೆತ. ಅವನು ಗಾಡಿಯ ಅಡಿಯಿಂದ ಹೊರಬಂದದ್ದು ದೀಪ ಹಾಕಿದ ಮೇಲೆ, ಹೆಂಡತಿ ಬಂದು ಕಾಲು ಹಿಡಿದು ಎಳೆದಾಗ.

"ಅಲ್ಲೇ ಹಾಸಿಗೆ ಹಾಸಿ ಕೊಡ್ಲಾ," ಎಂದಳು ಅವಳು.

ಅವಳಿಗೆ ಅವನ ಮೇಲೆ ಕೋಪವಿರುವುದು ಡೀಸೆಲ್ಲಿನ ವಿಷಯಕ್ಕಲ್ಲ, ಬೀರುವಿನ ಬಾಗಿಲಿನ ವಿಷಯಕ್ಕೆ. ಪಿಕಪ್ಪಿನ ಹಿಂಭಾಗ ತೆರೆದ ತೊಟ್ಟಿಯಂತಿದ್ದರೆ ಗಾಳಿ ಒಳಗೆ ಬಿದ್ದು ಸುತ್ತುತ್ತದೆಂದು, ಕ್ಯಾಬಿನ್ನಿನ ನೆತ್ತಿಯಿಂದ ಹಿಂದಿನ ಅಂಚಿನವರೆಗೆ ಇಳಿಜಾರಾದ ಮುಚ್ಚಳವೊಂದನ್ನು ಮಾಡಬೇಕಾಗಿ ಬಂದಾಗ, ಅಷ್ಟು ಅಗಲದ ಹಗುರವಾದ ಹಲಗೆ ಮನೆಯಲ್ಲಿ ಇದ್ದದ್ದು ಅದೊಂದೇ. "ನನ್ನ ಬಟ್ಟೆ ಊರಿಗೆಲ್ಲ ಕಾಣ್ಲಿ, ಗಾಡಿ ಮಾತ್ರ ಮುಚ್ಚಿಕೊಂಡಿರ್ಲಿ," ಎಂದು ಅವಳು ಬಂದವರಿಗೆಲ್ಲ ಹೇಳುತ್ತಾಳೆ, ನಗುತ್ತಲೇ. ಮುಂದಿನ ಜಾಲರಿಯನ್ನು ಅರ್ಧ ಮುಚ್ಚಿದ್ದು ಯಾವುದೋ ಮನೆಯ ಗೇಟಿನಿಂದ ಬಿದ್ದಿದ್ದ 'ಬಾಡಿಗೆಗೆ ಇದೆ' ಫಲಕದಿಂದ. ಕತ್ತರಿಸಿದ ಮೇಲೆ 'ಬಾಡಿ' ಎಂಬಷ್ಟು ಉಳಿದಿತ್ತು, ಅದನ್ನು ಒಳಮುಖ ಮಾಡಿ ಕೂರಿಸಿದ. ಹಿಂದಿನ ಚಕ್ರಗಳಿಗೆ ಗಾಳಿ ತಡೆಯುವ ಮುಚ್ಚಳವಾಗಿ ಅಡುಗೆಮನೆಯ ಎರಡು ದೊಡ್ಡ ತಟ್ಟೆಗಳು ಹೋದವು. ಸ್ಟೆಪ್ನಿ ಚಕ್ರ, ಜ್ಯಾಕು, ಉಪಕರಣದ ಪೆಟ್ಟಿಗೆ, ಹಿಂದಿನ ಬಂಪರು, ಮ್ಯಾಟುಗಳು ಮನೆಯೊಳಗೆ ಬಂದು ಮಂಚದ ಕೆಳಗೆ ಸೇರಿದವು. ಕೊನೆಗೆ ಪಕ್ಕದ ಸೀಟಿನ ಕಡೆಯ ಕನ್ನಡಿ. ಗಾಳಿಗೆ ಚಾಚಿದ ಒಂದು ಕೈಯಿದ್ದ ಹಾಗೆ ಅದು, ಓಡುವಾಗೆಲ್ಲ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ ಎಂದು ಅದನ್ನೂ ಬಿಚ್ಚಿದ. ಆ ಕಡೆ ಅಪ್ಪ ಇರುತ್ತಾರಲ್ಲ, ನೋಡಿ ಹೇಳುತ್ತಾರೆ. ಇಳಿಜಾರು ಮುಚ್ಚಳ ಬಂದ ಮೇಲೆ ಹಿಂಗಾಜಿನಲ್ಲೂ ಏನೂ ಕಾಣುತ್ತಿರಲಿಲ್ಲ. ಬೀದಿಯ ಮಕ್ಕಳು ಗಾಡಿಗೆ ಆಮೆ ಎಂದು ಹೆಸರಿಟ್ಟರು, ಆಮೇಲೆ ಅವನಿಗೂ.

ಅವನ ಕೆಲಸ ಬಟ್ಟೆ ಸಾಗಿಸುವುದು. ಲಾಡ್ಜುಗಳ, ಆಸ್ಪತ್ರೆಗಳ ಕೊಳೆ ಹಾಸುಗಳನ್ನು ಗಂಟು ಕಟ್ಟಿ ಒಗೆಯುವ ಕಾರ್ಖಾನೆಗೆ ಒಯ್ಯುವುದು, ಒಗೆದು ಇಸ್ತ್ರಿ ಮಾಡಿದ್ದನ್ನು ವಾಪಸು ತರುವುದು. ಕಾರ್ಖಾನೆ ಗುಡ್ಡದ ಆಚೆಗೆ ಹೋದ ಮೇಲೆ ಬಂದದ್ದೆಲ್ಲ ಟ್ಯಾಂಕಿಗೇ ಸುರಿಯುವ ಹಾಗಾಗಿ, ಬೇರೆ ದಾರಿ ಕಾಣದೆ ಅವನು ಈ ಪ್ರಯೋಗಗಳಿಗೆ ಇಳಿದದ್ದು ನಿಜ. ಆದರೆ ಅದೇ ದಿನಗಳಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದದ್ದೂ ನಿಜ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೈ ಮಡಚಿ, ಬಿಡಿಸಿ, ಏನೂ ಮಾಡಲು ತೋಚದೆ ಮನೆಗೆ ಬಂದವನು ಗಾಡಿಯ ಒಂದು ಬೋಲ್ಟು ಬಿಚ್ಚಿದ. ಬೋಲ್ಟು ಬಂತು. ತಿರುಗಿಸಿದರೆ ಬರುವ ವಸ್ತುವೊಂದು ಲೋಕದಲ್ಲಿ ಇದೆಯಲ್ಲ ಎಂದು ಅವನಿಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಅದನ್ನು ಯಾರಿಗೂ ಹೇಳಿಕೊಳ್ಳಲಾರದೆ ಹೋದ. ಅಪ್ಪನ ಕೈಯನ್ನು ಎಷ್ಟು ನೀವಿದರೂ ಬೆರಳು ಅಲ್ಲಾಡುತ್ತಿರಲಿಲ್ಲ. ಗಾಡಿಯ ಟೈರಿಗೆ ಸ್ವಲ್ಪ ಗಾಳಿ ಹೆಚ್ಚು ತುಂಬಿದರೆ ಅದು ಮರುದಿನವೇ ಲೆಕ್ಕ ಒಪ್ಪಿಸುತ್ತಿತ್ತು.

ಅಪ್ಪ ಜೀವನವಿಡೀ ಲಾರಿ ಓಡಿಸಿದವರು. ಮನೆಯಲ್ಲಿ ಒಬ್ಬರನ್ನೇ ಬಿಟ್ಟರೆ ಒಲೆ ಹಚ್ಚಿ ಮರೆಯುತ್ತಾರೆ, ಒಮ್ಮೆ ಬಸ್ ಸ್ಟಾಪಿನಲ್ಲಿ ಹೋಗಿ ನಿಂತು ಯಾವ ಬಸ್ಸಿಗೂ ಹತ್ತದೆ ಮಧ್ಯಾಹ್ನ ಕಳೆದಿದ್ದರು. ಹೆಂಡತಿಗೆ ಕನ್ನಡಕದ ಅಂಗಡಿಯ ಕೆಲಸ. ಹಾಗಾಗಿ ಅಪ್ಪ ದಿನಾ ಅವನ ಪಕ್ಕದ ಸೀಟಿಗೆ ಬಂದರು. ಮಾತು ಕಡಿಮೆ, ಬಂದರೂ ತಡವಾಗಿ ಬರುತ್ತಿತ್ತು, ಆದರೆ ಎಂಜಿನ್ನಿನ ಸದ್ದಿಗೆ ಅವರ ಕಿವಿ ಎಂದಿನ ಹಾಗೇ ಇತ್ತು. "ಮೂರು," ಎನ್ನುತ್ತಿದ್ದರು. ಅವನು ಮೂರನೆಯ ಗೇರಿಗೆ ಹಾಕುತ್ತಿದ್ದ. "ಬಿಡು," ಎನ್ನುತ್ತಿದ್ದರು. ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ. ಡ್ಯಾಶಿನ ಮೇಲೆ ಅವನು ತಾನೇ ವೈರು ಎಳೆದು ಕೂರಿಸಿದ್ದ ಪುಟ್ಟ ಮೀಟರೊಂದು ಆ ಕ್ಷಣಕ್ಕೆ ಗಾಡಿ ಎಷ್ಟು ಕೊಡುತ್ತಿದೆಯೆಂದು ಹಸಿರು ಅಂಕಿಗಳಲ್ಲಿ ತೋರಿಸುತ್ತಿತ್ತು. ಅಪ್ಪ ಹೇಳಿದ ಹಾಗೆ ಕೇಳಿದರೆ ಅಂಕಿ ಏರುತ್ತಿತ್ತು, ಆಗ ಅಪ್ಪನ ಬಾಯಿಯ ಸರಿಯಿದ್ದ ಅರ್ಧ ನಗುತ್ತಿತ್ತು. ಅಪ್ಪನ ಜೊತೆ ಅವನು ಬಾಳಿನಲ್ಲಿ ಅಷ್ಟು ಮಾತಾಡಿದ್ದೇ ಇಲ್ಲ. ಮೂರು, ಬಿಡು, ನಾಲ್ಕು.

ಆ ಸಂಜೆಯ ಮರುದಿನ ಅಪ್ಪ ಗೇರು ಹೇಳಲಿಲ್ಲ. ಅವನು ಬೇಕೆಂದೇ ಎರಡರಲ್ಲಿ ಎಳೆದ, ಎಂಜಿನ್ನು ಅರಚುವವರೆಗೂ ಎಳೆದ. ಅಪ್ಪ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಮೀಟರಿನ ಕಡೆ ಮಾತ್ರ ಕಳ್ಳನೋಟ, ಪರೀಕ್ಷೆಯ ಕೋಣೆಯಲ್ಲಿ ಪಕ್ಕದವನ ಕಾಗದ ನೋಡುವ ಹಾಗೆ. ನಿನ್ನೆಯ ಮಾತು ಕೇಳಿಸಿರಲಿಕ್ಕಿಲ್ಲ ಎಂದು ಅವನು ಮೊದಲು ಅಂದುಕೊಂಡ. ಕೇಳಿಸಿದರೂ ತಮಾಷೆ ಎಂದು ತಿಳಿದಿರುತ್ತಾರೆ. ಆದರೆ ತಮಾಷೆ ಮಾಡಿದವರು ಮಾಮ; ತಾನು ಹೇಳಿದ್ದು ಅಂಕಿ. ಅದೂ ಸರಿಯಾದ ಅಂಕಿಯೇ? ಆ ವಾರ ಅಪ್ಪ ಇರಲಿಲ್ಲ ನಿಜ, ಆದರೆ ಅಪ್ಪ ಇಲ್ಲದ್ದರಿಂದ ಲಾಡ್ಜುಗಳಲ್ಲಿ ಗಂಟು ತರಲು ಇಳಿಯುವಾಗ ಅವರಿಗೆ ಸೆಕೆಯಾದೀತೆಂದು ಎಂಜಿನ್ನು, ಏಸಿ ಹಾಕಿಟ್ಟು ಹೋಗುವುದು ಇರಲಿಲ್ಲ. ಅವರ ಮೂತ್ರಕ್ಕೆಂದು ಅಲ್ಲಲ್ಲಿ ನಿಲ್ಲಿಸಿ ಹೊರಡುವುದಿರಲಿಲ್ಲ. ಒಬ್ಬ ಮನುಷ್ಯನ ತೂಕಕ್ಕೆ ಒಂದೂವರೆ ಕಿಲೋಮೀಟರು ಎಲ್ಲಿಯ ಮಾತು. ಇದನ್ನು ಹೇಳಿಬಿಡಬೇಕು ಎಂದು ಅವನಿಗೆ ಎಷ್ಟು ಉತ್ಸಾಹ ಬಂತೆಂದರೆ ಬಾಯಿ ತೆರೆದೇಬಿಟ್ಟ. ತೆರೆದ ಮೇಲೆ ಮಾತು ಜೋಡಿಸಿ ನೋಡಿಕೊಂಡ. ಅಪ್ಪಾ, ಅದು ನಿನ್ನ ತೂಕ ಅಲ್ಲ, ನಿನ್ನ ಸೆಕೆ ಮತ್ತು ನಿನ್ನ ಮೂತ್ರ. ಬಾಯಿ ಮುಚ್ಚಿಕೊಂಡ.

"ಏನು," ಎಂದರು ಅಪ್ಪ, ತಡವಾಗಿ.

"ಏನಿಲ್ಲಪ್ಪ."

ಊಟದ ವಿಷಯ ಮೊದಲು ಕಂಡುಹಿಡಿದವಳು ಹೆಂಡತಿ. "ಮಾವ ಸರಿಯಾಗಿ ಊಟ ಮಾಡ್ತಿಲ್ಲ," ಎಂದಳು ಒಂದು ಬೆಳಿಗ್ಗೆ, ಪಾತ್ರೆ ತೊಳೆಯುತ್ತ. "ಬಡಿಸೋಕೆ ಮೊದ್ಲೇ ತಟ್ಟೆ ಮುಚ್ಕೊಳ್ತಾರೆ. ಕೇಳಿದ್ರೆ ಪಥ್ಯ ಅಂತಾರೆ. ಯಾರು ಹೇಳಿದ ಪಥ್ಯ? ನನ್ ಕೈಯಡುಗೆ ಬೇಜಾರಾಗಿದ್ರೆ ಬಾಯ್ಬಿಟ್ಟು ಹೇಳ್ಬಹುದಲ್ಲ, ನಾನೇನು ಹೊಡೀತೀನಾ."

"ಹಾಗೇನಿರಲ್ಲ."

"ಮತ್ತೆ ಹೇಗಿರುತ್ತೆ? ನಿಮಗೆ ಗೊತ್ತಾ?"

ಗೊತ್ತಿಲ್ಲ ಎಂದ. ಹೇಳಬಹುದಿತ್ತು. ಅವಳು ಬೈಯುತ್ತಿದ್ದಳು, ಆಮೇಲೆ ತಾನೇ ಹೋಗಿ ಅಪ್ಪನ ಎದುರು ಕೂತು ಏನಾದರೊಂದು ಮಾಡಿ ನಗಿಸುತ್ತಿದ್ದಳು. ಅವಳಿಗೆ ಆ ಕೈಚಳಕವಿದೆ. ಆದರೆ ಅವಳಿಗೆ ಹೇಳುವುದೆಂದರೆ ಆ ಮಾತನ್ನು ಇನ್ನೊಮ್ಮೆ ಬಾಯಿಂದ ಆಡಬೇಕು, ಆ ಅಂಕಿಯನ್ನು. ಅಂದು ಸಂಜೆ ಅವಳು ಅಂಗಡಿಯಿಂದ ಬಂದವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಮಾವನಿಗೆ ಇಷ್ಟವಾದದ್ದನ್ನು ಮಾಡಲು ನಿಂತಳು. ಬೆವರು ಒರೆಸಿಕೊಳ್ಳುತ್ತ ಬಡಿಸಿದಳು. ಅಪ್ಪ ಎರಡು ತುತ್ತು ತಿಂದು, "ಚೆನ್ನಾಗಿದೆ," ಎಂದು ತಟ್ಟೆಯನ್ನು ದೂರ ಸರಿಸಿದರು. ಅವಳು ಆ ತಟ್ಟೆ ಎತ್ತಿಕೊಂಡು ಒಳಗೆ ಹೋದದ್ದನ್ನು ನೋಡುತ್ತ ಅವನು ತನ್ನ ಪಾಲನ್ನು ಪೂರ್ತಿ ಉಂಡ, ಬೇಕೆಂದು ಎರಡನೆಯ ಸಲ ಹಾಕಿಸಿಕೊಂಡು ಉಂಡ. ಅದು ಯಾರಿಗೆ ಮಾಡಿದ ಉಪಕಾರವೋ ಅವನಿಗೇ ತಿಳಿಯಲಿಲ್ಲ.

ಗಾಡಿಯಲ್ಲೂ ಒಂದೊಂದೇ ವಸ್ತು ಕಾಣೆಯಾಗತೊಡಗಿತು. ಅಪ್ಪನ ಬಾಗಿಲಿನ ಜೇಬಿನಲ್ಲಿ ಇರುತ್ತಿದ್ದ ಕೊಡೆ. ಬ್ಯಾಟರಿ ಹಾಕಿದ ಉದ್ದನೆಯ ಟಾರ್ಚು, ಹಗಲು ಹೊತ್ತಿನಲ್ಲೂ ಬಿಡದೆ ತರುತ್ತಿದ್ದದ್ದು. ನೀರಿನ ಬಾಟಲಿ ಅರ್ಧ ಮಾತ್ರ ತುಂಬಿರುತ್ತಿತ್ತು. ಮರೆವು ಹೆಚ್ಚಾಗಿದೆ ಎಂದುಕೊಂಡು ಅವನು ಡಾಕ್ಟರಿಗೆ ಹೇಳಬೇಕಾದ ಸಂಗತಿಗಳಲ್ಲಿ ಅದನ್ನೂ ಸೇರಿಸಿಕೊಂಡ. ಎಂಥ ಬುದ್ಧಿ ನೋಡಿ, ತನಗೆ ಬೇಕಾದ ಕಡೆಯಷ್ಟೇ ಓಡುವಂಥದ್ದು. ಒಂದು ದಿನ ಅಪ್ಪ ಊರಿ ನಡೆಯುವ ಕೋಲೂ ಬರಲಿಲ್ಲ. "ಕೋಲೆಲ್ಲಪ್ಪ," ಎಂದು ಕೇಳಿದರೆ ಅಪ್ಪ, "ಗಾಡೀಲಿ ಕೋಲ್ಯಾಕೆ," ಎಂದರು. ಸಮಂಜಸವಾಗಿಯೇ ಇತ್ತು. ಲಾಡ್ಜಿನ ಹಿಂಬಾಗಿಲಲ್ಲಿ ಗಂಟು ಎತ್ತಿಕೊಡುವ ಹುಡುಗಿ, "ತಾತ ಸಣ್ಣ ಆಗಿದಾರೆ, ಯಾರ ಮದುವೆಗೆ," ಎಂದು ಕೇಳಿದಳು. ಅಪ್ಪ ಸರಿಯಿದ್ದ ಅರ್ಧದಲ್ಲಿ ನಕ್ಕರು. ಆ ನಗು ಅವನಿಗೆ ಬಹಳ ದಿನದ ಮೇಲೆ ಕಂಡದ್ದು, ಹಿತವಾಯಿತು, ಎಲ್ಲ ಸರಿಹೋಗುತ್ತಿದೆ ಎಂದೂ ಅನ್ನಿಸಿತು.

ಒಗೆಯುವ ಕಾರ್ಖಾನೆಯ ಬಾಗಿಲಲ್ಲೇ ನೆಲಕ್ಕೆ ಸಮನಾಗಿ ಕೂರಿಸಿದ ದೊಡ್ಡ ತೂಕದ ಯಂತ್ರವಿದೆ. ಬಂದ ಗಂಟನ್ನೆಲ್ಲ ಅದರ ಮೇಲಿಟ್ಟು, ಎದುರಿನ ಫಲಕದ ಅಂಕಿಯನ್ನು ಗಟ್ಟಿಯಾಗಿ ಕೂಗುವವಳು ತಕ್ಕಡಿ ಅಕ್ಕ. ಒಳಗೆ ಯಂತ್ರಗಳ ಗದ್ದಲಕ್ಕೆ ಮಣಿಯದ ಗಂಟಲು ಅಲ್ಲಿ ಅವಳದೊಂದೇ. ಅವನು ಗಂಟುಗಳನ್ನು ಹೊತ್ತು ಒಳಗಿನ ತೊಟ್ಟಿಗಳಿಗೆ ಹಾಕಿ ಬರುವಷ್ಟು ಹೊತ್ತು ಅಪ್ಪ ಅವಳ ಹತ್ತಿರ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಅಂದು ಅವನು ಹಬೆಯಿಂದ ಹೊರಗೆ ಬಂದು ಮುಖ ಒರೆಸಿಕೊಳ್ಳುತ್ತಿದ್ದಾಗ ಅಪ್ಪ ಆಗಲೇ ಗಾಡಿಯ ಕಡೆ ಹೊರಟಿದ್ದರು. ತಕ್ಕಡಿ ಅಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು.

"ನಿಮ್ಮಪ್ಪನಿಗೆ ಏನು ಹರಕೆ ಹೇಳಿದೀಯಪ್ಪ?"

"ಯಾಕಕ್ಕ?"

"ದಿನಾ ಬಂದು ಇದ್ರ ಮೇಲೆ ನಿಂತ್ಕೊಳ್ತಾರಲ್ಲ. ನಾನು ಕೂಗ್ಬೇಕಂತೆ. ಮೊದ್ಲು ತಮಾಷೆಗೆ ಅಂದ್ಕೊಂಡೆ, ಕೊಳೆ ಗಂಟು ಒಂದು, ಯಜಮಾನ್ರದ್ದು ಅಂತ ಕೂಗ್ದೆ. ನಕ್ರು. ಕಡಿಮೆ ಆದ ದಿನ ಮಗು ಥರ ಖುಷಿ ಅವ್ರಿಗೆ. ನಿನ್ನೆ ಸ್ವಲ್ಪ ಏರಿತ್ತು, ಮುಖ ಹೀಗ್ ಮಾಡ್ಕೊಂಡು ಅಂಗಿ ಬಿಚ್ಚಿಟ್ಟು ಮತ್ತೆ ಹತ್ತಿದ್ರು." ಅವಳು ನಗುತ್ತಿದ್ದಳು, ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಡಾಕ್ಟರು ಹೇಳಿದಾರೇನೋ ಅಂದ್ಕೊಂಡೆ. ಏನಪ್ಪಾ, ಹೇಳಿಲ್ವಾ?"

"ಹೇಳಿದಾರೆ," ಎಂದ ಅವನು.

"ಸಾಕು ಅಂತ ಹೇಳು. ಬೆನ್ನೆಲುಬು ಎಣಿಸ್ಬಹುದು."

ಅವನು ತಲೆಯಾಡಿಸಿದ. ಯಂತ್ರದ ಫಲಕದಲ್ಲಿ ಸೊನ್ನೆ ಇತ್ತು. ನೆಲದ ಯಂತ್ರದ ಮೇಲೆ ಒದ್ದೆ ಪಾದದ ಎರಡು ಗುರುತು, ಒಂದು ನೇರ, ಒಂದು ಒಳಕ್ಕೆ ತಿರುಚಿದ್ದು. ಚಪ್ಪಲಿಯನ್ನೂ ಕಳಚಿಟ್ಟು ನಿಂತಿದ್ದಾರೆ. ಬೇರೆಯವರ ಕೊಳೆ ಹಾಸುಗಳ ಗಂಟು ತಂದಿಡುವ ಜಾಗ ಅದು. ಹಿಂದೆಲ್ಲ ಲಾರಿಯ ಕ್ಯಾಬಿನ್ನಿಗೆ ಹತ್ತುವಾಗ ಅಪ್ಪನ ಪಾದಗಳು ಹೇಗಿದ್ದವು. ಮೆಟ್ಟಿಲನ್ನು ಮುಟ್ಟದೆ ಹತ್ತುತ್ತಿದ್ದರು, ಅಮ್ಮ ಬೈಯುತ್ತಿದ್ದಳು. ಶಾಲೆಯ ರಜೆಯಲ್ಲಿ ಅವನನ್ನೂ ಕರೆದುಕೊಂಡು ಹೋಗುತ್ತಿದ್ದರು, ಎಂಜಿನ್ನಿನ ಮೇಲೆ ಹಾಸಿದ ಕಂಬಳಿಯೇ ಅವನ ಸೀಟು. ತಳದಿಂದ ಬಿಸಿ ಬರುತ್ತಿತ್ತು. ದೊಡ್ಡ ಏರು ಬಂದರೆ ಭಾರ ಹೊತ್ತ ಲಾರಿ ಉಬ್ಬಸ ಬಿಡುತ್ತ ನಿಲ್ಲುವ ಹಾಗಾಗುತ್ತಿತ್ತು, ಆಗ ಅಪ್ಪ ಬಾಗಿಲಿಗೆ ತಟ್ಟಿ "ಇಳೀರಿ" ಎನ್ನುತ್ತಿದ್ದರು. ಕ್ಲೀನರು ಇಳಿಯುತ್ತಿದ್ದ, ದಾರಿಯಲ್ಲಿ ಹತ್ತಿಸಿಕೊಂಡವರಿದ್ದರೆ ಅವರೂ ಇಳಿಯುತ್ತಿದ್ದರು. ಕ್ಲೀನರು ಒಂದು ದೊಡ್ಡ ಕಲ್ಲು ಹಿಡಿದುಕೊಂಡು ಹಿಂದಿನ ಚಕ್ರದ ಪಕ್ಕ ನಡೆಯುತ್ತ, ಲಾರಿ ನಿಂತಲ್ಲೆಲ್ಲ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ, ಹಿಂದಕ್ಕೆ ಜಾರದ ಹಾಗೆ. ಅವನೂ ಇಳಿಯಲು ಹೋದರೆ ಅಪ್ಪ ಕಾಲರು ಹಿಡಿದು ಕೂರಿಸುತ್ತಿದ್ದರು. "ನೀನೆಷ್ಟಿದೀಯ ಮರಿ ತೂಕ. ಕೂತ್ಕೋ." ಅಷ್ಟು ದೊಡ್ಡ ಲಾರಿಯಲ್ಲಿ, ಎಲ್ಲರೂ ಇಳಿದ ಮೇಲೆ, ಕಂಬಳಿಯ ಮೇಲೆ ಕೂತು ಮೇಲಕ್ಕೇರುತ್ತಿದ್ದ ಒಬ್ಬನೇ ಒಬ್ಬ ಅವನು.

ಇಸ್ತ್ರಿಯಾದ ಹಾಸುಗಳ ಕಟ್ಟುಗಳನ್ನು ಬೀರುವಿನ ಬಾಗಿಲಿನಡಿ ತುಂಬಿದ. ಬಿಸಿ ಬಟ್ಟೆಯ ವಾಸನೆ ಕೈಗೆಲ್ಲ ಹತ್ತಿತು. ಹತ್ತಿರದ ಅಂಗಡಿಗೆ ಹೋಗಿ ಬ್ರೆಡ್ಡು, ಬಾಳೆಹಣ್ಣು, ಎರಡು ಬಾಟಲಿ ಹಾಲು ತಂದು ಅಪ್ಪನ ತೊಡೆಯ ಮೇಲಿಟ್ಟ, ಬೇಡವೆನ್ನಲು ಎಡೆ ಕೊಡದ ಹಾಗೆ ಗಟ್ಟಿಯಾಗಿ. ಅಪ್ಪ ಆ ಪೊಟ್ಟಣವನ್ನು ನೋಡಿದರು, ಎತ್ತಿ ಅಂದಾಜು ಮಾಡುವವರ ಹಾಗೆ ಗಟ್ಟಿ ಕೈಯಲ್ಲಿ ಸ್ವಲ್ಪ ತೂಗಿದರು, ಆಮೇಲೆ ಕಿಟಕಿಯ ಹೊರಗೆ ನಿಂತಿದ್ದ ಕಾವಲುಗಾರನಿಗೆ ಚಾಚಿದರು. "ತಗೊಳಪ್ಪ. ನಮ್ಮ ಹುಡುಗ ಕೊಟ್ಟ." ಕಾವಲುಗಾರ ಸಲಾಮು ಹೊಡೆದ, ಅವನಿಗೆ.

ಅವನು ಕೀಲಿ ತಿರುಗಿಸಿದ. ಮೀಟರಿನ ಹಸಿರು ಅಂಕಿ ಹೊತ್ತಿಕೊಂಡಿತು. ಮೀಟರಿನ ಈ ಹಾಳು ಕಣ್ಣು ಮುಚ್ಚಿದರೆ ಅರ್ಧ ಸರಿಯಾದೀತು ಎಂದು, ಏನನ್ನೋ ಹುಡುಕುವವನ ಹಾಗೆ ಡ್ಯಾಶಿನ ಅಡಿಗೆ ಕೈ ಹಾಕಿ ವೈರನ್ನು ಎಳೆದುಬಿಟ್ಟ. ಅಂಕಿ ಆರಿತು.

"ಕೆಟ್ಟೋಯ್ತು ನೋಡಪ್ಪ," ಎಂದ. "ಸುಮ್ನೆ ಬಿಡೋಣ ಇನ್ಮೇಲೆ. ಅದು ಹೇಳಿದ್ದೂ ಅಷ್ಟಕ್ಕಷ್ಟೇ. ತಪ್ಪು ತಪ್ಪು ತೋರಿಸ್ತಿತ್ತು ಮೊದಲಿಂದ್ಲೂ. ಅದನ್ನ ನಂಬ್ಕೊಂಡು ನಾನು ಏನೇನೋ ಮಾತಾಡ್ದೆ."

ಕೇಳಿದ್ದನ್ನು ಅಪ್ಪ ಯೋಚಿಸುತ್ತಿದ್ದರು. ಅವರೊಳಗೆ ಮಾತು ಎಲ್ಲೋ ದೂರದಿಂದ, ಕುಂಟುತ್ತ ಬರುವುದನ್ನು ಕಾಯಬೇಕಿತ್ತು. ಅವನು ಕಾದ. ಈಗ ಬರುತ್ತದೆ, ಏನಾದರೂ ಬರುತ್ತದೆ, ಬೈದರೂ ಸರಿ. ಅಪ್ಪ ಬಗ್ಗಿದರು. ಗಟ್ಟಿ ಕೈಯನ್ನು ಡ್ಯಾಶಿನ ಅಡಿಗೆ ತೂರಿಸಿ ತಡಕಾಡಿದರು, ನಾಲಿಗೆಯ ತುದಿ ಕಚ್ಚಿಕೊಂಡು, ಒಂದು ಜೀವಮಾನ ಲಾರಿಗಳ ಹೊಟ್ಟೆಯನ್ನು ಹೀಗೇ ಕಾಣದೆ ತಡಕಾಡಿದ ಬೆರಳುಗಳಿಂದ. ಟಕ್ಕೆಂದಿತು. ಹಸಿರು ಅಂಕಿ ಹೊತ್ತಿಕೊಂಡಿತು.

"ಲೂಸಾಗಿತ್ತು," ಎಂದರು, ಸಂತೋಷದಿಂದ. "ಕೆಟ್ಟಿಲ್ಲ."

ಗಾಡಿ ಕಾರ್ಖಾನೆಯ ಗೇಟು ದಾಟಿತು. ದಾರಿ ಸ್ವಲ್ಪ ದೂರ ಸಮತಟ್ಟಾಗಿ ಹೋಗಿ, ಆಮೇಲೆ ಗುಡ್ಡಕ್ಕೆ ಏರುತ್ತದೆ. ಏಸಿ ಹಾಕಿದ. ಅಪ್ಪ ಆರಿಸಿದರು. ಹಾಕಿದ, ಆರಿಸಿದರು. ಹಿಂದೊಂದು ನೀರಿನ ಟ್ಯಾಂಕರು ಬರುತ್ತಿತ್ತು, ಅವನ ಕಡೆಯ ಕನ್ನಡಿಯಲ್ಲಿ ಅದರ ಮೂತಿ ದೊಡ್ಡದಾಗುತ್ತಿತ್ತು. ನಾಳೆ ಎಲ್ಲ ವಾಪಸು ಜೋಡಿಸುತ್ತೇನೆ, ಸ್ಟೆಪ್ನಿ, ಜ್ಯಾಕು, ಬಂಪರು, ಬೀರುವಿನ ಬಾಗಿಲು, ಬೇಕಾದರೆ ಕಲ್ಲು ತುಂಬಿಸುತ್ತೇನೆ ಹಿಂದೆ ಎಂದು ಅವನು ಯೋಚಿಸುತ್ತಿದ್ದ. ಜೋಡಿಸಿದರೆ ಅಪ್ಪ ಏನು ಮಾಡಬಹುದೆಂದೂ ಹೊಳೆಯಿತು: ಹೆಚ್ಚಾದಷ್ಟು ತೂಕವನ್ನು ತಮ್ಮ ಮೈಯಿಂದಲೇ ಕಳೆಯಲು ನೋಡುತ್ತಾರೆ.

"ನಿಲ್ಸು," ಎಂದರು ಅಪ್ಪ.

"ಮೂತ್ರಕ್ಕಾ? ಸ್ವಲ್ಪ ಮುಂದೆ ನಿಲ್ಲಿಸ್ತೀನಿ, ಜಾಗ ಇದೆ."

"ಇಲ್ಲ. ಏರು ಬಂತು." ಅಪ್ಪ ಬಾಗಿಲಿನ ಹಿಡಿಗೆ ಕೈ ಹಾಕಿದ್ದರು, ತೆರೆದೇಬಿಡುತ್ತಾರೆಂದು ಹೆದರಿ ಅವನು ಬ್ರೇಕು ಒತ್ತಿದ. ಟ್ಯಾಂಕರು ಹಾರನ್ನು ಮಾಡುತ್ತ ನಿಂತಿತು.

"ಅಪ್ಪಾ, ಬಟ್ಟೆ ಅಷ್ಟೇ ಇರೋದು ಹಿಂದೆ. ಆರಾಮಾಗಿ ಹತ್ತುತ್ತೆ. ದಿನಾ ಹತ್ತಲ್ವಾ. ಕೂತ್ಕೋ, ದಮ್ಮಯ್ಯ ಅಂತೀನಿ ಕೂತ್ಕೋ."

ಅಪ್ಪ ತಿರುಚಿದ ಕಾಲನ್ನು ಎರಡು ಕೈಯಲ್ಲಿ ಎತ್ತಿ ಹೊರಗಿಡುತ್ತಿದ್ದರು. ಇಳಿದು ನಿಂತು, ಬಾಗಿಲ ಅಂಚು ಹಿಡಿದು, ಒಳಗೆ ಬಗ್ಗಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ನೋವೂ ಇರಲಿಲ್ಲ. ಕೆಲಸ ಗೊತ್ತಿದ್ದವನು ಹೊಸಬನನ್ನು ನೋಡುವ ದಯೆ ಇತ್ತು. ಇಷ್ಟು ದಿನ ಹೇಳದೆ ಉಳಿಸಿಟ್ಟಿದ್ದ ಒಂದು ಮಾತು ಆಗ ಬಂತು.

"ಒಂದರಲ್ಲೇ ಹೋಗು. ಬದಲಾಯಿಸಬೇಡ."

"ಅಪ್ಪಾ, ನಾನು ಅವತ್ತು ಮಾಮನ ಹತ್ರ ಹೇಳಿದ್ದು..."

"ಹೋಗು ಹೋಗು. ಹಿಂದೆ ಗಾಡಿ ಕಾಯ್ತಿದೆ."

ಬಾಗಿಲು ಮುಚ್ಚಿಕೊಂಡಿತು. ಟ್ಯಾಂಕರಿನವನು ಹಾರನ್ನಿನ ಮೇಲೆ ಕೈಯಿಟ್ಟೇ ಕೂತಿದ್ದ. ಅವನು ಒಂದಕ್ಕೆ ಹಾಕಿ ಕ್ಲಚ್ಚು ಬಿಟ್ಟ. ಆ ಕಡೆಯ ಕನ್ನಡಿಗಾಗಿ ಕತ್ತು ತಿರುಗಿತು, ಕನ್ನಡಿಯಿದ್ದ ಜಾಗದಲ್ಲಿ ಎರಡು ಸ್ಕ್ರೂ ತೂತುಗಳಿದ್ದವು. ಹಿಂಗಾಜಿನಲ್ಲಿ ಬೀರುವಿನ ಬಾಗಿಲು. ಟ್ಯಾಂಕರು ಬೈಯುತ್ತ ಪಕ್ಕದಿಂದ ನುಗ್ಗಿ ಮುಂದೆ ಹೋಯಿತು. ಅಪ್ಪ ರಸ್ತೆಯ ಅಂಚಿನಲ್ಲಿದ್ದಾರೋ, ನಡುವಿನಲ್ಲಿದ್ದಾರೋ, ನಡೆಯುತ್ತಿದ್ದಾರೋ, ಕೋಲೂ ಇಲ್ಲದೆ ಕೂತುಬಿಟ್ಟಿದ್ದಾರೋ. ನಿಲ್ಲಿಸಬೇಕೆಂದುಕೊಂಡ, ಹಿಂದಿನಿಂದ ಇನ್ನೊಂದು ಗಾಡಿ ಬಂತು, ಅದರ ಹಿಂದೆ ಮತ್ತೊಂದು. ಖಾಲಿ ಸೀಟಿನ ರೆಕ್ಸಿನ್ನಿನಲ್ಲಿ ಅಪ್ಪ ಕೂತು ಬಿದ್ದಿದ್ದ ತಗ್ಗು ನಿಧಾನವಾಗಿ ಉಬ್ಬಿಕೊಳ್ಳುತ್ತಿತ್ತು. ಹಸಿರು ಅಂಕಿ ಈ ಏರಿನಲ್ಲಿ ಎಂದೂ ತೋರಿಸಿರದಷ್ಟನ್ನು ತೋರಿಸುತ್ತಿತ್ತು. ಅವನು ಅದರ ಮೇಲೆ ಅಂಗೈ ಮುಚ್ಚಿ ಹಿಡಿದ. ಬೆರಳ ಸಂದಿಯಿಂದ ಬೆಳಕು ಬಂತು.

ನೆತ್ತಿ ಇನ್ನೂ ಸ್ವಲ್ಪ ದೂರವಿರುವಾಗ ಅಂಚಿನಲ್ಲಿ ಜಾಗ ಅಗಲವಾಗುತ್ತದೆ. ಅಲ್ಲಿಗೆ ಸರಿಸಿ ಬ್ರೇಕು ಒತ್ತಿ ನಿಂತ. ನಿಂತ ಕೂಡಲೇ ಎಂಜಿನ್ನು ಆರಿಸುವುದು ಈಚಿನ ಅಭ್ಯಾಸ, ಕೈ ಕೇಳದೆಯೇ ಆರಿಸಿತು. ಇಳಿದು ಓಡಬೇಕೆಂದು ಅವನಿಗೆ ತಿಳಿದಿತ್ತು. ಆದರೆ ಹ್ಯಾಂಡ್‌ಬ್ರೇಕಿನ ಕಂಬಿಯನ್ನು ತಾನೇ ಬಿಚ್ಚಿದ್ದ, ಚಕ್ರಕ್ಕೆ ಉಜ್ಜುತ್ತದೆಂದು. ಪೆಡಲಿನಿಂದ ಕಾಲು ತೆಗೆದರೆ ಗಾಡಿ ಹಿಂದಕ್ಕೆ, ಅಪ್ಪ ಬರುತ್ತಿರುವ ಕಡೆಗೇ ಉರುಳುತ್ತಿತ್ತು. ಗೇರಿಗೆ ಹಾಕಿ ಬಿಡಬಹುದು ಎಂದು ಹೊಳೆದರೂ ಈ ಇಳಿಜಾರಿನಲ್ಲಿ ಗೇರನ್ನು ನಂಬುವ ಧೈರ್ಯ ಬರಲಿಲ್ಲ. ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಸ್ಟೀರಿಂಗಿನ ಮೇಲೆ ಗಲ್ಲವಿಟ್ಟು, ಕಿಟಕಿಯಿಂದ ಹೊರಗೆ ಕಿವಿಯಿಟ್ಟ. ಗಾಡಿಗಳು ದಾಟಿಹೋದವು. ಆಮೇಲೆ ಏನೂ ಇಲ್ಲ. "ಅಪ್ಪಾ," ಎಂದು ಕೂಗಿದ, ಮುಂದಿನ ಗಾಜಿಗೆ.

ಬಹಳ ಹೊತ್ತಿನ ಮೇಲೆ ಜಲ್ಲಿಯ ಮೇಲೆ ಸದ್ದು ಕೇಳಿಸಿತು. ಒಂದು ಹೆಜ್ಜೆ, ಒಂದು ಎಳೆತ. ಒಂದು ಹೆಜ್ಜೆ, ಒಂದು ಎಳೆತ. ಗಾಡಿಯ ಹಿಂದಕ್ಕೆ ಬಂದು ಅದು ನಿಂತಿತು. ಉಬ್ಬಸದ ಉಸಿರು ಕೇಳಿಸಿತು.

"ಬಂದೆಯಾ ಅಪ್ಪಾ? ಹತ್ತು ಬಾ."

"ಇರು," ಎಂದಿತು ಅಪ್ಪನ ದನಿ, ಕೆಳಗೆಲ್ಲಿಂದಲೋ, ನೆಲದ ಹತ್ತಿರದಿಂದ. ಹಿಂದಿನ ಚಕ್ರದ ಬಳಿ ಏನೋ ಭಾರವಾದದ್ದು ನೆಲಕ್ಕೆ ಉಜ್ಜಿದ ಸದ್ದಾಯಿತು. "ಬ್ರೇಕು ಬಿಡು ಈಗ. ನಿಧಾನ."

ಅವನು ಪೆಡಲಿನ ಮೇಲಿಂದ ಕಾಲನ್ನು ಒಂದಿಷ್ಟೇ ಎತ್ತಿದ. ಗಾಡಿ ಹಿಂದಕ್ಕೆ ಒಂದು ಬೆರಳಿನಷ್ಟು ಸರಿದು, ಕಲ್ಲಿಗೆ ಒರಗಿ ನಿಂತಿತು.